ಗುಲಾಬಿ ಆರಿಸಿದ ಮಷಿನ್

ಗುಲಾಬಿಯ ವಿಷಯ ಬರೆಯುವುದಾದರೆ ಅವಳ ಬಲಗೈ ಮಣಿಕಟ್ಟಿನಿಂದಲೇ ಶುರು ಮಾಡಬೇಕು. ಅದು ಊದಿಕೊಂಡು ಬದನೆಕಾಯಿಯ ಹಾಗೆ ಆಗಿತ್ತು. ಹಸಿ ಬಟ್ಟೆ ಹಿಂಡಿ ಹಿಂಡಿ ಹಾಳಾದ ಕೈ. ಕಲ್ಲಿಗೆ ಬಡಿಯುವುದನ್ನು ಎಡಗೈಯಲ್ಲಿ ಹೇಗೋ ಮಾಡುತ್ತಿದ್ದಳು, ಹಿಂಡುವುದಕ್ಕೆ ಮಾತ್ರ ಎರಡೂ ಬೇಕಲ್ಲ? ಬೆಳಗಿನ ಜಾವ ನಮ್ಮ ಚಾಳಿಗೆ ನೀರು ಬಂದಾಗ ಅವಳು ಸೀರೆಯ ಒಂದು ತುದಿಯನ್ನು ನಳದ ಕೊಳವೆಗೆ ಸುತ್ತಿ, ಇನ್ನೊಂದು ತುದಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು, ಇಡೀ ಮೈ ತಿರುಗಿಸಿ ಹಿಂಡುತ್ತಿದ್ದಳು. ನೋಡಿ ನಗುವವರೂ ಇದ್ದರು. ನನಗೆ ಸಿಟ್ಟು ಬರುತ್ತಿತ್ತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ.

ನಾನು ಧಾರವಾಡದ ಕಡೆಯವ, ಹೆಸರು ಸಿದ್ದಲಿಂಗಪ್ಪ. ಅಂಧೇರಿ ಸ್ಟೇಷನ್ನಿನ ಎದುರು ಮೋನಪ್ಪ ಶೆಟ್ಟರ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ವಿಲೆ ಪಾರ್ಲೆಯ ಚಾಳಿನಲ್ಲಿ ಗುಲಾಬಿಯ ಖೋಲಿ ನನ್ನದರ ಪಕ್ಕದ್ದು. ಬೆಳಿಗ್ಗೆ ಚಾಳಿನ ಕೆಲವು ಮನೆಗಳ ಬಟ್ಟೆ ಒಗೆದು, ಆಮೇಲೆ ಸಾಂತಾಕ್ರೂಜಿನಲ್ಲಿದ್ದ ಇದೇ ಶೆಟ್ಟರ ಮನೆಗೆ ಹೋಗುತ್ತಿದ್ದಳು. ಅವಳು ಕಾಪು ಕಡೆಯ ಮಡಿವಾಳರ ಹೆಂಗಸು. ಊರಿನಲ್ಲಿ ಶೆಟ್ಟರ ಮನೆತನಕ್ಕೆ ಬಟ್ಟೆ ಒಗೆಯುತ್ತಿದ್ದವಳು ಅವಳ ತಾಯಿ. ಆ ಋಣಾನುಬಂಧದಲ್ಲಿ ಶೆಟ್ಟರು ಇವಳನ್ನೂ ಇವಳ ಗಂಡ ಐತನನ್ನೂ ಬೊಂಬಾಯಿಗೆ ಕರೆಸಿಕೊಂಡಿದ್ದರು. ಐತ ಹೋಟೆಲಿನ ಹುಡುಗರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಎದೆಬೇನೆ ಬಂದು ಸತ್ತ. ಉಳಿದವಳು ಮಗಳು ವಿನೋದಿನಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹೋಗುತ್ತಿದ್ದಳು, ಓದಿನಲ್ಲಿ ಚುರುಕು.

ಈ ಹುಡುಗಿ ಕಲ್ಲಿನ ಮುಂದೆ ಕೂರಬಾರದು, ಗುಲಾಬಿಗೆ ಇದ್ದದ್ದು ಅದೊಂದೇ ಹಟ. ನೀರು ತುಂಬಿದ ಬಕೆಟ್ಟು ಕೂಡ ಮಗಳ ಕೈಗೆ ಕೊಡುತ್ತಿರಲಿಲ್ಲ. ಆದರೆ ತನ್ನ ಮಣಿಕಟ್ಟು ಪೂರ್ತಿ ಕೈಕೊಟ್ಟ ದಿನ ಶಾಲೆ ಬಿಡಿಸುವುದಲ್ಲದೆ ಬೇರೆ ದಾರಿ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಚಾಳಿಗೆಲ್ಲ ಗೊತ್ತಿತ್ತು. ವಿನೋದಿನಿಗೂ ಗೊತ್ತಿತ್ತು.

ಐವತ್ತೈದರ ಬೇಸಿಗೆಯಲ್ಲಿ ಶೆಟ್ಟರ ಹೆಂಡತಿ ಶೀಲಾವತಿಯಮ್ಮ ಪಕ್ಕದ ಪಾರ್ಸಿಯವರ ಮನೆಯಲ್ಲಿ ಬಟ್ಟೆ ಒಗೆಯುವ ಮಷಿನ್ ನೋಡಿ ಬಂದರು. ತಮಗೂ ಒಂದು ಬೇಕೆಂದು ಗಂಡನ ಬೆನ್ನು ಹತ್ತಿದರು. ಶೀಲಾವತಿಯಮ್ಮ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ. ಗುಲಾಬಿಯ ಕೈ ನೋಡಿ ಮರುಗಿದವರೂ ಅವರೇ. ಮಷಿನ್ ಆರಿಸಲು ಹೊರಟಾಗ ಅವಳನ್ನು ತಾವಾಗಿಯೇ ಕರೆದರು. ಇನ್ನು ಮೇಲೆ ನೀನು ನಿಂತುಕೊಂಡು ಮಷಿನ್ ನಡೆಸಿದರಾಯಿತು, ನಿನಗೆ ಆಗುವಂಥದ್ದನ್ನು ನೀನೇ ನೋಡು ಎಂದರು. ಕೋಟೆಯ, ಅಂದರೆ ಫೋರ್ಟ್ ಪೇಟೆಯ, ಅಂಗಡಿಯಲ್ಲಿ ಇಂಗ್ಲಿಷ್ ಮಾತಾಡಬೇಕಲ್ಲ, ಅದಕ್ಕೆ ನಾನು. ಅಮ್ಮ ಫಸ್ಟ್ ಕ್ಲಾಸಿನಲ್ಲಿ, ನಾವಿಬ್ಬರೂ ಥರ್ಡ್ ಕ್ಲಾಸಿನಲ್ಲಿ ಚರ್ಚ್‌ಗೇಟ್ ತಲುಪಿದೆವು.

ಅಂಗಡಿಯಲ್ಲಿ ಎರಡು ಮಷಿನ್ ಇದ್ದವು. ಒಂದು ತಿಳಿನೀಲಿ ಬಣ್ಣದ್ದು, ನೋಡಲು ಬಲು ಚಂದ, ಆದರೆ ಒಗೆಯುವುದಷ್ಟೇ ಅದರ ಕೆಲಸ. ಇನ್ನೊಂದು ಬಿಳಿಯದು, ತುಸು ಒರಟು. ಅದರ ನೆತ್ತಿಯ ಮೇಲೆ ಒಂದರ ಮೇಲೊಂದು ಎರಡು ರಬ್ಬರಿನ ರೋಲರ್, ಬದಿಗೆ ಒಂದು ಹಿಡಿಕೆ. ಒಗೆದ ಬಟ್ಟೆಯನ್ನು ರೋಲರಿನ ನಡುವೆ ತೂರಿಸಿ ಹಿಡಿಕೆ ತಿರುಗಿಸಿದರೆ ನೀರೆಲ್ಲ ಕೆಳಗೆ ಬಟ್ಟೆ ಒಗೆಯುವ ಡಬ್ಬಕ್ಕೇ ಇಳಿಯುತ್ತದೆ. ಹಿಂಡುವುದಕ್ಕೆ ಕರೆಂಟೂ ಬೇಡ. ಅಂಗಡಿಯವನು ಒದ್ದೆ ಟವೆಲೊಂದನ್ನು ತೂರಿಸಿ ತೋರಿಸಿದ. ಗುಲಾಬಿ ಮುಂದೆ ಹೋಗಿ ಎಡಗೈಯಲ್ಲಿ ತಾನೇ ಒಮ್ಮೆ ತಿರುಗಿಸಿದಳು. ಟವೆಲು ಹಪ್ಪಳದ ಹಾಗೆ ಚಪ್ಪಟೆಯಾಗಿ ಈಚೆ ಬಂತು. ಅದನ್ನು ಕೆನ್ನೆಗೆ ಒತ್ತಿ ನೋಡಿಕೊಂಡಳು. ಐತ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ.

“ಅಮ್ಮ, ಇದು ಆಗ್ಬಹುದು. ಇದೊಂದಿದ್ರೆ ನನ್ನ ಕೈ ಇನ್ನೂ ಹತ್ತು ವರ್ಷ ಬರ್ತದೆ,” ಎಂದಳು.

ಅಮ್ಮನ ಕಣ್ಣು ನೀಲಿಯದರ ಮೇಲಿತ್ತು. ಆದರೂ ಬಿಳಿಯದನ್ನೇ ತೆಗೆದುಕೊಂಡರು. ವಾಪಸು ಬರುವಾಗ ಗುಲಾಬಿ ದಾದರಿನ ತನಕ ಮಗಳ ಮಾತೇ ಆಡಿದಳು. ಮೆಟ್ರಿಕ್ ಮಾಡಿಸಬೇಕು, ಆಮೇಲೆ ಟೀಚರೋ ನರ್ಸೋ, ಏನು ಬೇಕಾದರೂ ಆಗಲಿ, ಬಟ್ಟೆಯ ಗಂಟು ಮಾತ್ರ ಹೊರುವುದು ಬೇಡ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆಯೂ ಅಗಸರಿದ್ದಾರೆ, ಆದರೆ ಶೆಟ್ಟರ ಮನೆಯಲ್ಲಿದ್ದಷ್ಟು ಕಟ್ಟುಕಟ್ಟಳೆ ನಾನು ಕಂಡಿರಲಿಲ್ಲ. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸಾವಿನ ಬಟ್ಟೆ ಮಡಿವಾಳರ ಕೈಗೇ ಹೋಗಬೇಕು. ಸಾವಿನ ಮನೆಯಲ್ಲಿ ಸೂತಕ ಕಳೆಯುವ ದಿನ ಮಡಿವಾಳರು ಒಗೆದು ಕೊಟ್ಟ ಬಟ್ಟೆ, ಅಂದರೆ ಮಡಿ, ಮೈಗೆ ಬಿದ್ದ ಮೇಲೆಯೇ ಒಲೆಗೆ ಬೆಂಕಿ. ಇಡೀ ಮನೆಯನ್ನು ಶುದ್ಧ ಮಾಡುವ ಕೈ ಅದು. ಆ ಕೈಯನ್ನು ಮಾತ್ರ ಅಂಗಳದಿಂದ ಒಳಗೆ ಬಿಡುವುದಿಲ್ಲ.

ಮಷಿನ್ ಮನೆಗೆ ಬಂದು ಹಿಂದಿನ ಜಗಲಿಯಲ್ಲಿ ಕೂತಿತು. ಶೆಟ್ಟರ ಮುದಿ ತಾಯಿ ಕೋಲೂರಿಕೊಂಡು ಬಂದು ನೋಡಿ ತೀರ್ಪು ಕೊಟ್ಟರು. ಮೈಲಿಗೆ ಬಟ್ಟೆ ಇದಕ್ಕೆ ಬೀಳಕೂಡದು. ಮೈಲಿಗೆ ಬಟ್ಟೆ ಮುಟ್ಟುವ ಕೈಯೂ ಇದಕ್ಕೆ ತಾಗಕೂಡದು. ಅಲ್ಲಿಗೆ ಮುಗಿಯಿತು. ಹಿಡಿಕೆ ತಿರುಗಿಸುವ ಕೆಲಸ ಅಡುಗೆಯ ಕಾಂತಪ್ಪನಿಗೆ ಹೋಯಿತು. ಗುಲಾಬಿಗೆ ಉಳಿದದ್ದು ಮೈಲಿಗೆ ಬಟ್ಟೆ, ಅರ್ಧ ಸಂಬಳ, ಅಂಗಳದ ಕಲ್ಲು. ತಾನು ಆರಿಸಿದ ಮಷಿನ್ ಜಗಲಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅವಳು ಕೆಳಗೆ ಕೂತು ಸೀರೆಯನ್ನು ಮೊಣಕೈಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅತ್ತೆ ಹೇಳಿದ ಮೇಲೆ ತಾನೇನು ಮಾಡಲಿ ಎಂದು ಶೀಲಾವತಿಯಮ್ಮ ನನ್ನ ಹತ್ತಿರ ಕಣ್ಣಲ್ಲಿ ನೀರು ತಂದುಕೊಂಡರು. ನಾನೇನು ಹೇಳಲಿ, ಸುಡುಗಾಡು.

ಶ್ರಾವಣದಲ್ಲಿ ಆ ಮುದುಕಿ ತೀರಿಕೊಂಡರು. ಶೆಟ್ಟರ ಅಕ್ಕ ವಾರಿಜಕ್ಕ ಊರಿನಿಂದ ಬಂದರು. ಅವರದು ಅಳಿಯಸಂತಾನದ ಕುಟುಂಬ, ತಾಯಿ ಹೋದ ಮೇಲೆ ಮನೆತನದಲ್ಲಿ ನಡೆಯುವುದು ಮಗಳ ಮಾತು. ಬೊಂಬಾಯಿಯ ಮನೆ ಕಟ್ಟಿಸಿದವರು ಶೆಟ್ಟರೇ ಆದರೂ ವಾರಿಜಕ್ಕ ಕೂತಲ್ಲಿ ಶೀಲಾವತಿಯಮ್ಮ ನಿಲ್ಲುತ್ತಿದ್ದರು.

ಸೂತಕ ಕಳೆಯುವ ದಿನ ಬಿಟ್ಟೂಬಿಡದ ಮಳೆ. ಎದುರಿನ ಪಡಸಾಲೆಯಲ್ಲಿ ನೆಂಟರು, ಹೋಟೆಲಿನವರು, ಊರಿನವರು ಕಿಕ್ಕಿರಿದಿದ್ದರು. ಒಲೆ ತಣ್ಣಗಿತ್ತು. ಹಿಂದಿನ ಅಂಗಳದಲ್ಲಿ ಗುಲಾಬಿ ಹಾಸಿಗೆಯ ಬಟ್ಟೆ, ಹೊದಿಕೆ, ಮುದುಕಿ ಕೊನೆಗೆ ಉಟ್ಟಿದ್ದ ಕೆಂಪಂಚಿನ ಸೀರೆ, ಮನೆಯವರೆಲ್ಲ ಉಡಬೇಕಾದ ಬಟ್ಟೆ, ಎಲ್ಲವನ್ನೂ ಕಲ್ಲಿನ ಮೇಲೆ ಒಗೆದು ಮುಗಿಸಿದ್ದಳು. ಹಿಂಡಲು ಕೈ ಏಳಲಿಲ್ಲ. ಹಿಂಡದ ಬಟ್ಟೆ ಆ ಮಳೆಯಲ್ಲಿ ಎಲ್ಲಿಂದ ಒಣಗಬೇಕು? ನಾನು ಜಗಲಿಯಲ್ಲಿ ಬಟ್ಟೆ ಹರವಲು ಹಗ್ಗ ಕಟ್ಟುತ್ತಿದ್ದೆ. ಇನ್ನೂ ಎಷ್ಟು ಹೊತ್ತು ಎಂದು ಕೇಳಲು ಶೀಲಾವತಿಯಮ್ಮ ಬಂದರು. ಗುಲಾಬಿ ಎದ್ದು ನಿಂತು ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೋರಿಸಿದಳು.

“ಕೈ ತಿರುಗುದಿಲ್ಲ ಅಮ್ಮ. ಒಗೆದದ್ದು ಕಲ್ಲಿನ ಮೇಲೆಯೇ. ಹಿಂಡ್ಲಿಕ್ಕೆ ಮಾತ್ರ ಆ ರೋಲರ್ ಬಿಡಿ.”

ಅಮ್ಮ ಒಮ್ಮೆ ಪಡಸಾಲೆಯ ಕಡೆ ನೋಡಿದರು, ಒಮ್ಮೆ ಮಷಿನ್ ಕಡೆ ನೋಡಿದರು.

“ಬೇಗ ಮುಗಿಸು. ನಾನು ಹೇಳಿದೆ ಅಂತ ಯಾರ ಹತ್ತಿರವೂ ಹೇಳ್ಬೇಡ,” ಎಂದು ಒಳಗೆ ಹೋದರು.

ಗುಲಾಬಿ ಜಗಲಿ ಹತ್ತಿದಳು. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿಕೆ ಹಿಡಿದಳು. ಒಂದೊಂದೇ ಬಟ್ಟೆ ಚಪ್ಪಟೆಯಾಗಿ ಬರತೊಡಗಿತು, ಅವಳೇ ಎತ್ತಿ ಹರವಿದಳು, ನಾನು ಹಗ್ಗ ಬಿಗಿಯುತ್ತ ಹೋದೆ. ಕೆಂಪಂಚಿನ ಸೀರೆ ರೋಲರಿನಲ್ಲಿ ಅರ್ಧ ಹೋಗಿತ್ತು, ಅಷ್ಟರಲ್ಲಿ ವಾರಿಜಕ್ಕ ಬಾಗಿಲಿಗೆ ಬಂದರು. ಅವರು ಕೂಗಿದ ಕೂಗಿಗೆ ಪಡಸಾಲೆಯಲ್ಲಿದ್ದವರೆಲ್ಲ ಎದ್ದು ಬಂದರು. ಸತ್ತವರ ನೀರು ಅದರ ಹೊಟ್ಟೆಗೆ ಹೋಯಿತಲ್ಲ, ನಾಳೆ ಮಕ್ಕಳ ಬಟ್ಟೆಯನ್ನು ಅದೇ ಹೊಟ್ಟೆಗೆ ಹಾಕುವುದಾ ಎಂದು ಎದೆ ಬಡಿದುಕೊಂಡರು. ಇವಳಿಗೆ ಇಷ್ಟು ಧೈರ್ಯ ಕೊಟ್ಟವರು ಯಾರು ಎಂದು ಕೇಳಿದರು.

ಗುಲಾಬಿ ಹಿಡಿಕೆ ಬಿಟ್ಟು ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ.

“ಅಮ್ಮಾರೇ ಹೇಳ್ಯಾರ್ರಿ. ನಾ ಇಲ್ಲೇ ನಿಂತಿದ್ದೆ,” ಎಂದೆ.

ವಾರಿಜಕ್ಕ ತಿರುಗಿ ಹೌದಾ ಶೀಲಾ ಎಂದು ಕೇಳಿದರು. ಶೀಲಾವತಿಯಮ್ಮ ಗಂಡನ ಹಿಂದೆ ನಿಂತಿದ್ದರು.

“ನಾನು ಒಳಗಿದ್ದೆ ಅತ್ತಿಗೆ. ನನಗೆ ಗೊತ್ತಿಲ್ಲ.”

ಗುಲಾಬಿ ಒಮ್ಮೆ ತಲೆಯೆತ್ತಿ ಅವರನ್ನು ನೋಡಿದಳು. ಮತ್ತೆ ತಲೆ ತಗ್ಗಿಸಿ, ಅರ್ಧಕ್ಕೆ ನಿಂತಿದ್ದ ಸೀರೆಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿಕೊಂಡಳು.

ಹಗ್ಗದ ಮೇಲಿದ್ದ ಬಟ್ಟೆಯನ್ನೆಲ್ಲ ಕೆಳಗಿಳಿಸಿ ಮತ್ತೆ ಕಲ್ಲಿನ ಮೇಲೆ ಒಗೆಯಿಸಿದರು. ಕೈಯಲ್ಲೇ ಹಿಂಡಿಸಿದರು. ನಾನು ಹಿಂಡಿಕೊಡುತ್ತೇನೆ ಎಂದು ಮುಂದೆ ಹೋದರೆ, ಮಡಿವಾಳರ ಕೈಯಲ್ಲದೆ ಬೇರೆ ಕೈ ತಾಗಿದರೆ ಅದು ಮಡಿಯೇ ಅಲ್ಲ ಎಂದು ತಡೆದರು. ಅಷ್ಟು ಜನ ಮಳೆಯ ಆಚೆ ನಿಂತು ನೋಡುತ್ತಿದ್ದರು. ಹೊದಿಕೆಯೊಂದನ್ನು ತಿರುಚುವಾಗ ಗುಲಾಬಿಯ ಕೈಯಿಂದ ಲಟಕ್ಕನೆ ಸದ್ದು ಬಂತು. ಅವಳು ಹಲ್ಲು ಕಚ್ಚಿಕೊಂಡು ಉಳಿದದ್ದನ್ನು ಮೊಣಕೈಯಿಂದ ಮುಗಿಸಿದಳು. ಒದ್ದೆ ಮಡಿಯನ್ನೇ ಉಟ್ಟು ಒಲೆ ಹಚ್ಚಿದರು. ನೆಂಟರೆಲ್ಲ ಉಂಡರು. ನಾನು ಉಣ್ಣದೆ ಎದ್ದು ಬಂದೆ.

ಚಾಳಿಗೆ ಬರುವ ದಾರಿಯಲ್ಲಿ ನಾನು ಅವಳನ್ನು ಬೈದೆ. ನಿನ್ನ ನಾಲಗೆ ಬಿದ್ದುಹೋಗಿತ್ತೇನು, ಇದ್ದದ್ದನ್ನು ಹೇಳಲಿಕ್ಕೆ ಏನು ದಾಡಿ ಎಂದೆ. ಅವಳು ಸೆರಗಿನಲ್ಲಿ ಸುತ್ತಿದ ಕೈಯನ್ನು ಎದೆಗೆ ಹಿಡಿದುಕೊಂಡು ನಡೆಯುತ್ತಿದ್ದಳು.

“ಹೇಳ್ಬೇಡ ಅಂತ ಹೇಳಿದ್ರಲ್ಲ, ಸಿದ್ದಲಿಂಗಣ್ಣ. ಅವರೇ ಹೇಳ್ತಾರೆ ಅಂತ ಮಾಡಿದ್ದೆ,” ಎಂದಳು.

ಮರುದಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಶೆಟ್ಟರಿಗೆ ಎಲ್ಲವನ್ನೂ ಹೇಳಿದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡೇ ಹೇಳಿದೆ. ಶೆಟ್ಟರು ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ.

“ನನಗೆ ಗೊತ್ತುಂಟು ಮಾರಾಯ. ಶೀಲಾವತಿ ನಿನ್ನೆಯೇ ಹೇಳಿ ಅತ್ತಳು. ಆದರೆ ಯಾರಾದರೊಬ್ಬರ ತಲೆಗೆ ಅದು ಬರಬೇಕಲ್ಲ? ಅವಳು ಈ ಕುಟುಂಬದಲ್ಲಿ ಬಾಳಬೇಕು,” ಎಂದರು. ಆಮೇಲೆ ಹಾಲಿನವನ ಬಿಲ್ಲು ನೋಡಲು ಹೇಳಿದರು.

ಗುಲಾಬಿಯ ಕೆಲಸ ಹೋಯಿತು. ಮೈಲಿಗೆಯಾದ ಮಷಿನನ್ನು ಶೆಟ್ಟರು ಹಾಥ್‌ಗಾಡಿಯಲ್ಲಿ ಹೇರಿಸಿ ನಮ್ಮ ಚಾಳಿಗೆ ಕಳಿಸಿಬಿಟ್ಟರು, ಅವಳಿಗೇ ಇರಲಿ ಎಂದು. ಬಹುಶಃ ಅದನ್ನು ದಾನವೆಂದೇ ತಿಳಿದಿರಬೇಕು. ಅದು ನಳದ ಪಕ್ಕದಲ್ಲಿ ಇಳಿಯಿತು. ಚಾಳಿನಲ್ಲಿ ಅದಕ್ಕೆ ಕೊಡುವ ಕರೆಂಟು ಎಲ್ಲಿಯದು? ಆದರೂ ಗುಲಾಬಿಯ ಮುಖ ಅರಳಿತು. ಮಣಿಕಟ್ಟಿಗೆ ಹಲಗೆ ಕಟ್ಟಿಸಿಕೊಂಡಿದ್ದಳು. ಹಿಡಿಕೆಗೆ ಕರೆಂಟು ಬೇಡವಲ್ಲ, ಒಗೆಯುವುದು ಕಲ್ಲಿನ ಮೇಲೆ, ಹಿಂಡುವುದು ಎಡಗೈಯಲ್ಲಿ ರೋಲರ್ ತಿರುಗಿಸಿ, ಚಾಳಿನ ಇನ್ನೂ ಕೆಲವು ಮನೆ ಹಿಡಿದರೆ ಹೊಟ್ಟೆಗೆ ಆಗುತ್ತದೆ, ಹುಡುಗಿಯ ಶಾಲೆಯೂ ನಡೆಯುತ್ತದೆ ಎಂದು ಹುರುಪಿನಿಂದ ಹೇಳಿದಳು. ನಾನೂ ನಂಬಿದೆ.

ನಮ್ಮ ಚಾಳಿನಲ್ಲಿ ಅರ್ಧಕ್ಕರ್ಧ ಕರಾವಳಿಯವರು, ಗುಲಾಬಿಗೆ ಬಟ್ಟೆ ಕೊಡುತ್ತಿದ್ದವರೂ ಅವರೇ. ಸುದ್ದಿ ಹಾಥ್‌ಗಾಡಿಗಿಂತ ಮೊದಲೇ ಬಂದಿತ್ತು. ಬಟ್ಟೆ ಕೊಡುತ್ತೇವೆ, ಆದರೆ ಸತ್ತವರ ಸೀರೆ ಹಿಂಡಿದ ರೋಲರಿಗೆ ನಮ್ಮ ಬಟ್ಟೆ ತೂರಿಸಬೇಡ ಎಂದರು. ಅಲ್ಲ, ಸಾವಿನ ಬಟ್ಟೆ ಒಗೆದ ಅದೇ ಕೈಗೆ ಇವರೇ ಇಷ್ಟು ವರ್ಷ ಬಟ್ಟೆ ಕೊಟ್ಟಿಲ್ಲವೇ ಎಂದು ನಾನು ಮನೆಮನೆಗೆ ಹೋಗಿ ಜಗಳವಾಡಿದೆ. ಕೈ ತೊಳೆದರೆ ಹೋಗುತ್ತದೆ, ಮಷಿನಿನ ಒಳಗಿರುವುದು ಹೋಗುವುದಿಲ್ಲ ಎಂದರು. ಅದರಲ್ಲಿ ಹಿಂಡಿದ್ದು ನನ್ನ ಖೋಲಿಯ ಬಟ್ಟೆ ಮಾತ್ರ. ಒಂಟಿ ಗಂಡಸಿನ ಎರಡು ಅಂಗಿ, ಒಂದು ಧೋತರ. ಅದರಿಂದ ಯಾರ ಹೊಟ್ಟೆ ತುಂಬಬೇಕು?

ದಸರೆಯ ಮೊದಲು ಶೀಲಾವತಿಯಮ್ಮ ಹೊಸ ಮಷಿನ್ ಆರಿಸಲು ಮತ್ತೆ ಕೋಟೆಗೆ ಹೊರಟರು. ಇಂಗ್ಲಿಷಿಗೆ ಮತ್ತೆ ನಾನೇ. ಈ ಸಲ ನೀಲಿಯದನ್ನೇ ತೋರಿಸಿದರು. ಅಂಗಡಿಯವನು ಒರೆಸುವ ಬಟ್ಟೆ ತರಲು ಹೋದಾಗ ಅಮ್ಮ ನನ್ನ ಕಡೆ ನೋಡದೆ ಗುಲಾಬಿ ಹೇಗಿದ್ದಾಳೆ ಎಂದು ಕೇಳಿದರು.

“ಕೈ ಹೋತ್ರಿ ಅಮ್ಮಾರ. ನಿನ್ನೆ ಮಗಳನ್ನ ಸಾಲಿ ಬಿಡಿಸ್ಯಾಳ,” ಎಂದೆ.

ಅಮ್ಮ ಆ ನೀಲಿ ಮುಚ್ಚಳವನ್ನು ಒಮ್ಮೆ ಕೈಯಿಂದ ಸವರಿದರು. ಆಮೇಲೆ ಇದೇ ಇರಲಿ, ಮನೆಗೆ ಕಳಿಸಲು ಹೇಳಿ ಎಂದರು.

ಮರುದಿನ ಬೆಳಿಗ್ಗೆ ನಾನು ತಂಬಿಗೆ ಹಿಡಿದು ನಳದ ಹತ್ತಿರ ಹೋದೆ. ಗುಲಾಬಿ ಹೊಸ್ತಿಲಲ್ಲಿ ಕೈ ಕಟ್ಟಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬಿಳಿ ಮಷಿನ್ ಮೇಲೆ ಯಾರೋ ಬಕೆಟ್ಟು ಇಟ್ಟಿದ್ದರು. ಅದರ ಪಕ್ಕದಲ್ಲಿ ವಿನೋದಿನಿ ಶಾಲೆಯ ಲಂಗದಲ್ಲೇ ನಿಂತು ಸೀರೆಯೊಂದರ ತುದಿಯನ್ನು ನಳದ ಕೊಳವೆಗೆ ಸುತ್ತಿದಳು, ಇನ್ನೊಂದು ತುದಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡಳು, ಇಡೀ ಮೈ ತಿರುಗಿಸಿದಳು. ಅವಳ ಮಣಿಕಟ್ಟಿಗೆ ಏನೂ ಆಗಿರಲಿಲ್ಲ. ಹಿಂಡುವುದೆಂದರೆ ಹೀಗೆಯೇ ಎಂದು ಆ ಹುಡುಗಿ ತಿಳಿದುಕೊಂಡಿದ್ದಳು.