ಮಾವಿನ ಮರದ ಎರಡು ಫೋಟೋ

ಒಳ್ಳೆಯ ಫೋಟೋ ಅಂದರೆ ಏನು ಎಂದು ಕೇಳಿದವರಿಗೆಲ್ಲ ನಾನು ಬೆಳಕು, ಕೋನ, ತಾಳ್ಮೆ ಎಂದು ಹೇಳಿಕೊಂಡು ಬಂದವನು. ಕೇಳದವರಿಗೂ ಹೇಳಿದ್ದೇನೆ. ಚನ್ನಪಟ್ಟಣದ ನನ್ನ ಸ್ಟುಡಿಯೋ ಗೋಡೆಯ ಮೇಲೆ ರಾಮನಗರದ ಬಂಡೆಗಳ ಹಿಂದೆ ಸೂರ್ಯ ಮುಳುಗುವ ಹನ್ನೊಂದು ಫೋಟೋಗಳಿದ್ದವು. ಅವನ್ನು ನೋಡಿ ಯಾರ ಕಣ್ಣೂ ಒದ್ದೆಯಾದದ್ದಿಲ್ಲ.

ಬೈರಾಪಟ್ಟಣದಾಚೆಯ ಒಂದು ಹಳ್ಳಿಯ ಜಮೀನು ಕಾರ್ಖಾನೆಗೆ ಹೋಗುವಾಗ ಪರಿಹಾರ ಕೊಡುವ ಸರ್ಕಾರಿ ಕಚೇರಿಗೆ ಅಲ್ಲಿನ ಮರಗಳ ಫೋಟೋ ತೆಗೆದುಕೊಡುವ ಕೆಲಸ ನನಗೆ ಸಿಕ್ಕಿತು. ಮರಕ್ಕೆ ಬಳಿದ ನಂಬರು ಕಾಣಬೇಕು, ಪಕ್ಕದಲ್ಲಿ ಮಾಲೀಕ ನಿಂತಿರಬೇಕು. ಕಲೆಗೆ ಜಾಗವಿರಲಿಲ್ಲ.

ಬದುವಿನ ಮೇಲಿದ್ದ ಒಂದು ಮಾವಿನ ಮರಕ್ಕೆ ಇಬ್ಬರು ಮಾಲೀಕರು: ಮರೀಗೌಡರು ಮತ್ತು ಅವರ ತಮ್ಮ ಪುಟ್ಟೇಗೌಡರು. ಮರ ಯಾರದೆಂಬ ಜಗಳದಲ್ಲಿ ಹನ್ನೆರಡು ವರ್ಷದಿಂದ ಮಾತು ಬಿಟ್ಟಿದ್ದರು. ಮೂಡಲ ಕೊಂಬೆಯ ಕಾಯಿ ಅಣ್ಣನಿಗೆ, ಪಡುವಲ ಕೊಂಬೆಯದು ತಮ್ಮನಿಗೆ. ಎರಡು ಮನೆಯ ಉಪ್ಪಿನಕಾಯಿಯೂ ಅವರ ತಾಯಿಯ ಕೈರುಚಿಯದೇ ಎಂದು ಊರವರು ಹೇಳುತ್ತಿದ್ದರು. ಅವರಿಬ್ಬರ ಮುಂದೆ ಹೇಳುತ್ತಿರಲಿಲ್ಲ.

ಇಬ್ಬರನ್ನೂ ಮರದ ಆಚೀಚೆ ನಿಲ್ಲಿಸಿ, ಸ್ವಲ್ಪ ಹತ್ತಿರ ಬನ್ನಿ ಎಂದೆ. ಇಬ್ಬರೂ ನನ್ನ ಹತ್ತಿರ ಬಂದರು. ಮತ್ತೆ ಹಿಂದಕ್ಕೆ ಕಳಿಸಿ ಕ್ಯಾಮೆರಾ ಎತ್ತಿದಾಗ ಪುಟ್ಟೇಗೌಡರು ಮೆಲ್ಲಗೆ ಹೇಳಿದರು:

"ಅಣ್ಣ, ಅಳ್ಳಾಡ್ಬ್ಯಾಡ. ಕತ್ತಿನ್ ಮ್ಯಾಲೆ ಕೆಂಜಗ ಐತೆ."

"ತಗುದ್ಬುಡ್ಲಾ," ಎಂದು ಮರೀಗೌಡರು ಕಣ್ಣು ಮುಚ್ಚಿದರು.

ತಮ್ಮನ ಕೈ ಅಣ್ಣನ ಕುತ್ತಿಗೆಗೆ ಹೋದಾಗ ನನ್ನ ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಇರುವೆ ಹೋದ ಮೇಲೂ ಆ ಕೈ ಒಂದಿಷ್ಟು ಹೊತ್ತು ಅಲ್ಲೇ ಇತ್ತು.

ಕಚೇರಿಯವರು ಆ ಫೋಟೋ ಬೇಡವೆಂದರು. ತೋಳು ನಂಬರನ್ನು ಮುಚ್ಚಿತ್ತು. ಮತ್ತೊಮ್ಮೆ ಹೋಗಿ, ಇಬ್ಬರೂ ಕಂಬಗಳಂತೆ ನೆಟ್ಟಗೆ ನಿಂತದ್ದನ್ನು ತೆಗೆದುಕೊಟ್ಟೆ. ಅದು ಪಾಸಾಯಿತು. ಮರ ಹೋಯಿತು.

ಆಷಾಢದಲ್ಲಿ ಮರೀಗೌಡರು ಫೋಟೋ ಬೇಕೆಂದು ಸ್ಟುಡಿಯೋಗೆ ಬಂದರು. ಪಾಸಾದದ್ದನ್ನು ಕೈಗಿಟ್ಟು, ಬೆಳಕು ಎಷ್ಟು ಚೆನ್ನಾಗಿ ಬಿದ್ದಿದೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಅದು ಆಪೀಸ್ನೋರ್ಗೇ ಇರ್ಲಿ ಸ್ವಾಮಿ. ನಮ್ಮುಡ್ಗ ಕೈ ಇಟ್ಟವ್ನಲ್ಲ, ಅದ್ ಕೊಡಿ. ಎಲ್ಡು ಬೇಕು."

ಹುಡುಗನಿಗೆ ಆಗ ಐವತ್ತೆಂಟು ವರ್ಷ.

ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಒಬ್ಬರು ಹುಡುಕಿಕೊಂಡು ಬಂದು ಕೇಳಿದ ಫೋಟೋ, ನಾನು ಬೇಕೆಂದು ತೆಗೆದದ್ದಲ್ಲ. ಅದನ್ನು ಒಪ್ಪಿಕೊಳ್ಳಲು ಒಂದಿಷ್ಟು ದಿನ ಹಿಡಿಯಿತು.

ಪ್ರಿಂಟುಗಳನ್ನು ಬೇರೆ ಬೇರೆ ಕವರಿಗೆ ಹಾಕಹೊರಟೆ. ಮರೀಗೌಡರು ತಡೆದು, ಒಂದೇ ಕವರಿಗೆ ಹಾಕಿ ಎಂದರು. ತಮ್ಮನ ಮನೆಯಲ್ಲಿ ಇಬ್ಬರೂ ಕೂತು ಬಿಚ್ಚುತ್ತಾರಂತೆ. ಅವತ್ತಿನ ಊಟವೂ ಅಲ್ಲೇ ಅಂತೆ.