ಫಕ್ಕೀರವ್ವನ ಜವಾಬು

“ಫಕ್ಕೀರವ್ವನ ಮನಿಯಾಗ ಸಾರಿಗೆ ಉಪ್ಪು ಕಡಿಮಿ ಬಿದ್ದರೂ ಅದು ಗಂಡಸರ ತಪ್ಪು” ಎಂದು ಬೆಟಗೇರಿಯ ನಮ್ಮ ಓಣಿಯವರು ನಗುತ್ತಿದ್ದರು. ಇನ್ನೂ ಕೆಲವರು ಆಕೆಯ ಗಂಡ ಯಮನೂರಪ್ಪನ ಕಡೆ ಕೈಮಾಡಿ, “ಪಾಪ, ತುಂತುಣಿ ಬಾರಿಸಾಕ ಅವಗ ಒಂದು ಬಟ್ಟು ಬಿಟ್ಟುಕೊಟ್ಟಾಳ. ಉಳಿದದ್ದೆಲ್ಲಾ ಆಕಿ ಕೈಯಾಗ ಐತಿ” ಅನ್ನುತ್ತಿದ್ದರು.

ಈ ಮಾತುಗಳು ಆಕೆಯ ಕಿವಿಗೂ ಬೀಳುತ್ತಿದ್ದವು. ಆಕೆ ನೂಲು ಸುತ್ತುವ ರಾಟಿ ನಿಲ್ಲಿಸುತ್ತಿರಲಿಲ್ಲ. “ಅನ್ರಿ, ಅನ್ರಿ. ಇಷ್ಟ ಧೈರ್ಯ ಇದ್ದರ ತೋಪಿಗೆ ಬಂದು ಅನ್ರಿ” ಎಂದು ಕೂತಲ್ಲಿಂದಲೇ ಕೂಗುತ್ತಿದ್ದಳು. ತೋಪು ಎಂದೊಡನೆ ಓಣಿಯ ಗಂಡಸರು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ವರ್ಷವೆಲ್ಲ ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುವ ಹೆಂಗಸು ಫಕ್ಕೀರವ್ವ. ಸುಗ್ಗಿ ಮುಗಿದು ಹಾಡಕಿಯ ದಿನ ಬಂದವೆಂದರೆ ಆಕೆ ಬೇರೆಯೇ ಹೆಂಗಸು. ನಮ್ಮ ಸೀಮೆಯ ಡಪ್ಪಿನ ಹಾಡಕಿಯಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಹರದೇಶಿ ಮೇಳದವರು ಗಂಡೇ ಹೆಚ್ಚು ಎಂದು ಹಾಡಬೇಕು, ನಾಗೇಶಿ ಮೇಳದವರು ಹೆಣ್ಣೇ ಹೆಚ್ಚು ಎಂದು ಹಾಡಬೇಕು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ನಿಂತ ನಿಲುವಿನಲ್ಲೇ ಪದ ಕಟ್ಟಿ ಜವಾಬು ಕೊಡಬೇಕು. ಹಂಗಿಸಬಹುದು, ಮೂದಲಿಸಬಹುದು, ಮೀಸೆಯನ್ನೂ ಮುಡಿಯನ್ನೂ ಎಳೆದು ತರಬಹುದು. ಹಾಡುವ ಕಟ್ಟೆ ಇಳಿದ ಮೇಲೆ ಮಾತ್ರ ಅಲ್ಲಿ ಆಡಿದ ಒಂದು ಸೊಲ್ಲನ್ನೂ ಮನೆಗೆ ಒಯ್ಯಬಾರದು. ಇದು ಹಿರಿಯರು ಹಾಕಿದ ಕಟ್ಟಳೆ.

ಫಕ್ಕೀರವ್ವ ನಾಗೇಶಿ. ಹಿಂದೆ ಗಂಡನ ತುಂತುಣಿ, ಪಕ್ಕದಲ್ಲಿ “ಗೀ ಗೀ” ಎಂದು ಸೊಲ್ಲು ಹಿಡಿಯಲು ಮಗ್ಗುಲ ಮನೆಯ ಶಮಶಾದಬಿ. ಎದುರಿಗೆ ಹಿರೇವಡ್ಡಟ್ಟಿಯ ಹುಚ್ಚೀರಪ್ಪ. ಉಳ್ಳಾಗಡ್ಡಿ ಬೆಳೆಯುವ ಒಕ್ಕಲಿಗ, ಎತ್ತರದ ಆಳು, ಕೆಂಪು ರುಮಾಲಿನವನು. ಡಪ್ಪನ್ನು ಕಿವಿಯ ತನಕ ಎತ್ತಿ ಒಂದು ಪೆಟ್ಟು ಕೊಟ್ಟನೆಂದರೆ ಮರದ ಮೇಲಿನ ಗಿಳಿಗಳು ಹಾರಿಹೋಗುತ್ತಿದ್ದವು.

ಸಿಂಗಟಾಲೂರಿನ ಕಡೆ ಹೊಳೆಯ ದಂಡೆಗೆ ಒಂದು ಹುಣಸೆ ತೋಪಿತ್ತು. ಮಾಘದಲ್ಲಿ ಅಲ್ಲಿ ನಡೆಯುತ್ತಿದ್ದ ಹಾಡಕಿ ಹಗಲಿನ ಹಾಡಕಿ. ಆಚೆ ದಂಡೆಯ ಮಂದಿ ಹರಿಗೋಲಿನಲ್ಲಿ ಬರುತ್ತಿದ್ದರು, ಕತ್ತಲಾದರೆ ಅಂಬಿಗರು ಹುಟ್ಟು ಮುಟ್ಟುತ್ತಿರಲಿಲ್ಲ. ಅದಕ್ಕೇ ಬಿಸಿಲೇರುವ ಮೊದಲೇ ಡಪ್ಪು ಕಾಯಿಸಿ ಶುರು ಮಾಡುತ್ತಿದ್ದರು. ಗದಗಿನವರು, ಲಕ್ಷ್ಮೇಶ್ವರದವರು, ಶಿರಹಟ್ಟಿಯವರು ಮುಂಡರಗಿಯ ತನಕ ಬಸ್ಸಿನಲ್ಲಿ ಬಂದು ಅಲ್ಲಿಂದ ಸಿಕ್ಕ ಚಕ್ಕಡಿ ಏರುತ್ತಿದ್ದರು. ಮಳಲಿನ ಮೇಲೆ ಬೋರಲು ಹಾಕಿದ ಹರಿಗೋಲುಗಳು, ಮಿರ್ಚಿ ಕರಿಯುವ ಎಣ್ಣೆಯ ವಾಸನೆ, ಕಂಬಳಿ ಹಾಸಿ ಜಾಗ ಹಿಡಿಯುವ ಜಗಳ. ಹೊತ್ತು ಸರಿದಂತೆ ಮರದ ನೆರಳು ಸರಿಯುತ್ತಿತ್ತು, ನೆರಳಿನ ಹಿಂದೆ ಮಂದಿಯೆಲ್ಲ ಕೂತಲ್ಲೇ ಅಂಡು ಎಳೆಯುತ್ತ ಸರಿಯುತ್ತಿದ್ದರು. ಮುಂಜಾನೆ ಹರದೇಶಿಯ ಎದುರು ಕೂತವರು ಸಂಜೆಗೆ ನಾಗೇಶಿಯ ಎದುರು ಬಂದಿರುತ್ತಿದ್ದರು.

“ನೋಡೋ ಹುಚ್ಚೀರಪ್ಪ, ನಿನ್ನ ಮಂದಿ ನನ್ನ ಕಡಿ ಬಂತು!” ಎಂದು ಫಕ್ಕೀರವ್ವ ಕಟ್ಟೆಯ ಮೇಲಿಂದ ಕೂಗುವಳು.

“ನಿನ್ನ ಹಾಡಿಗೆ ಅಲ್ಲಬೇ, ನೆರಳಿಗೆ ಬಂದಾರ!” ಎಂದು ಅವನು ಕೂಗುವನು.

“ನೆರಳು ಕೊಡಾಕಿನೂ ಹೆಣ್ಣ! ಹುಣಸಿಯವ್ವ!”

ನಗು ಹೊಳೆ ದಾಟಿ ಹೋಗುತ್ತಿತ್ತು. ಕಟ್ಟೆ ಇಳಿದ ಮೇಲೆ ಅದೇ ಹುಚ್ಚೀರಪ್ಪ ಇವರ ಚಕ್ಕಡಿಯ ಹತ್ತಿರ ಬಂದು, “ತಂಗಿ, ಹಸಿವ್ಯಾಗೈತಿ, ಏನ ಕಟಗೊಂಡು ಬಂದೀ?” ಎಂದು ನೆಲಕ್ಕೆ ಕೂಡುತ್ತಿದ್ದ. ಆಕೆ ತನ್ನ ರೊಟ್ಟಿ ಮುರಿದು ಅರ್ಧ ಅವನ ಕೈಗೆ ಹಾಕುತ್ತಿದ್ದಳು. ಫಕ್ಕೀರವ್ವನಿಗೆ ಮುದುಕಿಯಾದ ಮೇಲೂ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಈ ತೋಪಂತೆ. ಮದುವೆಯಾದ ದಿನ ನೆನಪಿಲ್ಲ, ತೋಪಿನ ನೆರಳು ಸರಿದದ್ದು ನೆನಪಿದೆ ಅನ್ನುತ್ತಿದ್ದಳು.

ಆಕೆಗೆ ಬಹಳ ವರ್ಷ ಮಕ್ಕಳಾಗಲಿಲ್ಲ. ಹರದೇಶಿಗೆ ಇದಕ್ಕಿಂತ ಸುಲಭದ ಮೂದಲಿಕೆ ಇನ್ನೊಂದು ಸಿಗುತ್ತಿರಲಿಲ್ಲ. ಆದರೆ ಹುಚ್ಚೀರಪ್ಪ ಒಂದು ದಿನವೂ ಅದನ್ನು ಎತ್ತಿಕೊಳ್ಳಲಿಲ್ಲ. ಎಪ್ಪತ್ತೇಳರ ಹಾಡಕಿಗೆ ಆಕೆ ಬಸುರಿಯಾಗಿ ಬಂದಾಗ ಅವನು ಕಟ್ಟೆಯ ಮೇಲೆಯೇ ಕುಣಿದುಬಿಟ್ಟ. “ಮುಂದಿನ ವರ್ಷ ಅಳಿಯನ್ನ ಕರಕೊಂಡು ಬಾ ತಂಗಿ, ಅವನ ಕೂಡ ಹಾಡ್ತೀನಿ” ಎಂದು ಕಳಿಸಿಕೊಟ್ಟ. ಗಂಡು ಕೂಸು ಹುಟ್ಟಿತು. ಆ ಖಬರು ಉಳ್ಳಾಗಡ್ಡಿ ಚೀಲದ ಲಾರಿಯವರ ಬಾಯಿಂದ ಹಿರೇವಡ್ಡಟ್ಟಿಗೂ ಮುಟ್ಟಿತು.

ಕಾರ್ತಿಕ ಮುಗಿಯುವ ಹೊತ್ತಿಗೆ ಕೂಸಿಗೆ ಜ್ವರ ಬಂತು. ಬಂದದ್ದು ಇಳಿಯಲಿಲ್ಲ. ಈ ಖಬರು ಮಾತ್ರ ಹಿರೇವಡ್ಡಟ್ಟಿಗೆ ಮುಟ್ಟಲಿಲ್ಲ.

ಅಷ್ಟರಲ್ಲಿ ಮಾಘದ ಹಾಡಕಿಗೆ ವೀಳ್ಯ ತೆಗೆದುಕೊಂಡಾಗಿತ್ತು. ಒಮ್ಮೆ ಹಿಡಿದ ವೀಳ್ಯವನ್ನು ತಿರುಗಿ ಕೊಟ್ಟ ಮೇಳವನ್ನು ಮತ್ತೆ ಯಾರೂ ಕರೆಯುವುದಿಲ್ಲ. ಆದರೂ ಯಮನೂರಪ್ಪ, “ಈ ವರ್ಷ ಬ್ಯಾಡ. ನಾ ಹೋಗಿ ಹೇಳಿ ಬರ್ತೀನಿ” ಎಂದ.

ಫಕ್ಕೀರವ್ವನ ರಾಟಿ ನಿಂತಿತ್ತು. “ಹೋಗೂಣು,” ಅಂದಳು. “ಮನ್ಯಾಗ ಕುಂತರ ತೊಟ್ಟಿಲ ಹಗ್ಗ ಕಟ್ಟಿದ್ದ ಜಂತಿ ಅಷ್ಟ ಕಾಣತೈತಿ. ಅಲ್ಲಿ ಅವನ ಕೂಡ ನಾಕು ಮಾತು ಜಗಳಾಡಿದರ ಹೊಟ್ಟಿ ಹಗುರಾದೀತು. ಆದರ ಅವಗ ಯಾರೂ ಹೇಳಬ್ಯಾಡ್ರಿ.”

“ಯಾಕಬೇ?” ಎಂದಳು ಶಮಶಾದಬಿ.

“ಹೇಳಿದರ ಅವ ಮೆತ್ತಗ ಹಾಡತಾನ. ಮೆತ್ತಗ ಹಾಡೂ ಹುಚ್ಚೀರಪ್ಪನ ಕಟಗೊಂಡು ನಾ ಏನ ಮಾಡ್ಲಿ?”

ಹಾಗೆ ಹೋದರು. ಆ ಮುಂಜಾನೆ ಆಕೆ ಎಂದಿನಂತೆಯೇ ಹಾಡಿದಳು. ಶಮಶಾದಬಿಗೆ ಮಾತ್ರ ಆಕೆಯ ಕೈತಾಳ ಒಂದಿಷ್ಟು ಬಿಗಿಯಾಗಿ ಬೀಳುತ್ತಿರುವುದು ಗೊತ್ತಾಗುತ್ತಿತ್ತು. ನಡುಹೊತ್ತು ದಾಟಿದಾಗ ಮಾತು ತಾಯಿಯ ಮೇಲೆ ಬಂತು. ಅದು ನಾಗೇಶಿಯ ಹಳೆಯ ಹಾದಿ, ಅಲ್ಲಿಗೆ ಬರಲೇಬೇಕು. ಭಾರ ಹೊತ್ತವಳು ಯಾರು, ಹೆಸರು ಹೇಳು ಎಂದು ಆಕೆ ಸವಾಲು ಹಾಕಿದಳು. ಹುಚ್ಚೀರಪ್ಪ ಇದಕ್ಕೇ ಕಾದಿದ್ದವನಂತೆ ಡಪ್ಪು ಎತ್ತಿದ. ಮುಖದ ತುಂಬ ನಗು.

“ಹೊತ್ತೆ ಅಂದರ ಸಾಲದು ಹೆತ್ತೆ ಅಂದರ ಸಾಲದು
ಎತ್ತಿ ತೋರ ನಿನ್ನ ಮಗನ
ಮುತ್ತಿನಂಥಾ ಮಾರಿ ಕಂಡರ ಮಂದಿ ಮುಂದ
ಕಿತ್ತಿ ಕೆಳಗ ಇಡತೀನಿ ರುಮಾಲ”

ತೋಪೇ ಹೋ ಎಂದಿತು. “ಎತ್ತಿ ತೋರಿಸವಾ!” ಎಂದು ಹೆಂಗಸರೂ ಕೂಗಿದರು. ಫಕ್ಕೀರವ್ವ ನಿಂತೇ ಇದ್ದಳು. ತುಂತುಣಿಯ ತಂತಿ ಒಂದೇ ಸಮ ಮಿಡಿಯುತ್ತಿತ್ತು, ಆಮೇಲೆ ಅದೂ ನಿಂತಿತು. ಆಕೆಯ ಎಡಗೈ ತಾನಾಗಿ ಮಡಚಿ ಎದೆಗೆ ಬಂತು, ಅದನ್ನು ಆಕೆಯೇ ನೋಡಿದಳು. ನೋಡಿ, ಹಾಗೇ ಕೂತುಬಿಟ್ಟಳು.

ನಾಗೇಶಿ ಕೂತಳೆಂದರೆ ಸೋತಳೆಂದು ಲೆಕ್ಕ. ಸಿಳ್ಳು ಬಿದ್ದವು, ಟೋಪಿಗಳು ಹಾರಿದವು. ಹಿರೇವಡ್ಡಟ್ಟಿಯ ಹುಡುಗರು ಹುಚ್ಚೀರಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನು ಅವರ ಹೆಗಲ ಮೇಲಿಂದ ಇತ್ತ ನೋಡುತ್ತಲೇ ಇದ್ದ, ನಗು ಅರ್ಧಕ್ಕೆ ನಿಂತಿತ್ತು.

ಮಂದಿಯಿಂದ ಬಿಡಿಸಿಕೊಂಡು ಚಕ್ಕಡಿಯ ಹತ್ತಿರ ಬಂದಾಗ ಅವನ ಕೈಯಲ್ಲಿ ಹೊಸ ಕುಂಚಿಗೆ ಇತ್ತು. ಕೂಸಿನ ತಲೆಯಿಂದ ಬೆನ್ನ ತನಕ ಇಳಿಬಿಡುವಂಥದ್ದು, ಕೆಂಪು ಅಂಚಿನದು.

“ಏ ತಂಗಿ, ಏನ ಮಾಡಿದಿ ನೀ! ಈ ವರ್ಷ ನಾ ಸೋಲಾವ ಅಂತ ಮನ್ಯಾಗ ಹೇಳಿ ಬಂದಿದ್ದೆ. ನಮ್ಮ ಕಳಕವ್ವ ತಿಂಗಳಗಟ್ಟಲೆ ಕುಂತು ಇದನ್ನ ಹೊಲದಾಳ. ನೀ ಕೂಸನ್ನ ಎತ್ತಾಕಿ, ನಾ ರುಮಾಲ ಇಡಾವ, ಎಲ್ಲಾರ ಮುಂದ ಇದನ್ನ ತೊಡಸಾವ ಇದ್ದೆ. ಎಲ್ಲಿ ಬಿಟ್ಟು ಬಂದಿ ಅವನ್ನ? ಮನ್ಯಾಗ ನಿಮ್ಮತ್ತಿ ಹಂತ್ಯಾಕ?”

ಯಮನೂರಪ್ಪ ಎತ್ತಿನ ಕೊರಳು ಹಿಡಿದು ಆ ಕಡೆ ತಿರುಗಿದ. ಶಮಶಾದಬಿಯೇ ಹೇಳಬೇಕಾಯಿತು. “ಕೂಸು ಇಲ್ಲೋ ಯಪ್ಪಾ. ಹೋತು. ಜ್ವರ ಬಂದಿತ್ತು.”

ಅವನು ಚಕ್ಕಡಿಯ ಗಾಲಿ ಹಿಡಿದು ನೆಲಕ್ಕೆ ಕೂತ. ಫಕ್ಕೀರವ್ವ ಗಂಟು ಬಿಚ್ಚಿ ರೊಟ್ಟಿ ತೆಗೆದಳು, ಮುರಿದು ಅರ್ಧ ಅವನ ಕೈಗೆ ಹಾಕಿದಳು.

“ತಿನ್ನು ಯಣ್ಣಾ,” ಅಂದಳು. “ಪದ ಚೊಲೋ ಕಟ್ಟಿದ್ದಿ.”

ಅವನು ರೊಟ್ಟಿ ಹಿಡಿದುಕೊಂಡೇ ಎದ್ದುಹೋದ. ಅದೇ ಅವನ ಕೊನೆಯ ಹಾಡಕಿ. ಮರುವರ್ಷ ವೀಳ್ಯ ತಂದವರನ್ನು ಬಾಗಿಲಿಂದಲೇ ಕಳಿಸಿದ, ಅದರ ಮರುವರ್ಷವೂ ಕಳಿಸಿದ. ತಾಯಿಯ ಹೊಟ್ಟೆಗೆ ಬೆಂಕಿ ಇಟ್ಟ ಬಾಯಿ ಇದು, ಇನ್ನು ಹಾಡುವುದಿಲ್ಲ ಎಂದ. ಸೀಮೆಯ ಮಂದಿ ಎಂಥ ದೊಡ್ಡ ಮನಸ್ಸು ಎಂದು ಹೊಗಳಿದರು.

ಫಕ್ಕೀರವ್ವನಿಗೆ ಏನಾಯಿತೆಂದು ಕೇಳಿದವರು ಕಡಿಮೆ. ಹರದೇಶಿ ಇಲ್ಲದೆ ನಾಗೇಶಿ ಇಲ್ಲ. ಬೇರೆ ಬೇರೆಯವರ ಜೋಡಿ ಆಕೆಯನ್ನು ನಿಲ್ಲಿಸಿ ನೋಡಿದರು, ಸರಿಹೋಗಲಿಲ್ಲ. ಕರೆಯುವುದು ಬಿಟ್ಟರು. ತೋಪಿನ ಹಾಡಕಿಯೂ ನಿಂತಿತು. ಚಹಾದ ಅಂಗಡಿಗಳಿಗೆ ಟೇಪ್‌ರೆಕಾರ್ಡರ್ ಬಂದವು. ಆಕೆ ಕಂಡಿಕೆ ಸುತ್ತುತ್ತಿದ್ದಳು. ಓಣಿಯವರು ಹಂಗಿಸಿದರೆ ಈಗ ತಿರುಗಿ ಏನೂ ಅನ್ನುತ್ತಿರಲಿಲ್ಲ, ಹಾಗಾಗಿ ಹಂಗಿಸುವುದನ್ನೂ ಬಿಟ್ಟರು.

ಎಂಬತ್ತೈದರ ಸುಮಾರಿಗೆ ಹೊಳೆದಂಡೆಯ ಕೆಲವು ಹಿರಿಯರು ಸೇರಿ ತೋಪಿನಲ್ಲಿ ಮತ್ತೆ ಹಾಡಕಿ ಹಚ್ಚಬೇಕೆಂದರು. ವೀಳ್ಯ ಫಕ್ಕೀರವ್ವನ ಮನೆಗೆ ಬಂತು. ಆಕೆ ಅದನ್ನು ಹಿಡಿದು, ಎದುರು ಯಾರು ಎಂದು ಕೂಡ ಕೇಳದೆ, ಮರುದಿನವೇ ಶಮಶಾದಬಿಯನ್ನು ಕರೆದುಕೊಂಡು ಹಿರೇವಡ್ಡಟ್ಟಿಯ ಬಸ್ಸು ಹತ್ತಿದಳು.

ಹುಚ್ಚೀರಪ್ಪ ಪಡಸಾಲೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತ ಕೂತಿದ್ದ. ಮೈ ಇಳಿದಿತ್ತು, ರುಮಾಲು ಮಾತ್ರ ಹಾಗೇ ಇತ್ತು. ಹೆಂಡತಿ ಕಳಕವ್ವ ನೀರು ಬೆಲ್ಲ ತಂದಿಟ್ಟು, “ಬಾ ಯವ್ವಾ, ಕುಂಡ್ರು” ಎಂದು ಕೈ ಹಿಡಿದು ಕೂರಿಸಿದಳು.

“ಕರಿಯಾಕ ಬಂದೇನಿ,” ಎಂದಳು ಫಕ್ಕೀರವ್ವ. “ತೋಪಿನ್ಯಾಗ ಹಾಡಕಿ ಹಚ್ಚತಾರ. ಎದುರಿಗೆ ನೀ ಬೇಕು.”

“ಸೀಮ್ಯಾಗ ಬ್ಯಾರೆ ಹರದೇಶಿ ಇಲ್ಲೇನವಾ?”

“ಅದಾರ. ಒಬ್ಬ ಸಿನಿಮಾ ಧಾಟಿ ಹಾಡತಾನ. ಇನ್ನೊಬ್ಬ ನಾ ಬೈದರ ಅಳತಾನ.”

ಕಳಕವ್ವ ನಕ್ಕಳು. ಅವನು ನಗಲಿಲ್ಲ. “ನನ್ನ ಬಾಯಿ ಕೆಟ್ಟದ್ದು, ತಂಗಿ.”

“ಅದು ಸೀಮಿಗೆಲ್ಲಾ ಗೊತ್ತೈತಿ. ಅದಕ್ಕ ಬಂದೇನಿ.” ಆಕೆ ನೀರಿನ ತಂಬಿಗೆ ದೂರ ಸರಿಸಿದಳು. “ಕೂಸನ್ನ ಜ್ವರ ಒಯ್ತು. ಅದು ನಿನ್ನ ಕೆಲಸ ಅಲ್ಲ. ನನ್ನ ಹಾಡು ಒಯ್ದಾವ ನೀ. ನೀ ಬಾಯಿ ಕಟಗೊಂಡು ಕುಂತಿ, ಮಂದಿ ನಿನ್ನ ದೇವರ ಅಂದ್ರು. ನಾ ಯಾರ ಕೂಡ ಜಗಳಾಡ್ಲಿ ಹೇಳು? ರಾಟಿ ಕೂಡ ಆಡ್ಲ್ಯಾ?”

ಅವನು ಉಳ್ಳಾಗಡ್ಡಿಯ ಸಿಪ್ಪೆ ಸರಿಸಿದ.

“ಆ ದಿನ ಜವಾಬು ಸಿಗಲಿಲ್ಲ ನನಗ. ಚಕ್ಕಡಿ ಮುಂಡರಗಿ ಮುಟ್ಟೂದರಾಗ ಸಿಕ್ಕಿತ್ತು. ಅವತ್ತಿಂದ ಒಳಗ ಇಟಗೊಂಡೇನಿ ಯಣ್ಣಾ. ಸವಾಲ ಇಲ್ಲದ ಜವಾಬ ಹೆಂಗ ಹಾಡ್ಲಿ? ಒಮ್ಮಿ ಹಾಕು ಆ ಸವಾಲ. ಇಲ್ಲೇ ಹಾಕು.”

ಕಳಕವ್ವ ಗೂಟದಿಂದ ಡಪ್ಪು ಇಳಿಸಿ ಗಂಡನ ತೊಡೆಯ ಮೇಲೆ ಇಟ್ಟಳು. ಅವನು ಅದರ ಮೇಲೆ ಅಂಗೈ ಊರಿದ. ಬಾಯಿ ತೆರೆದ. “ಹೊತ್ತೆ” ಎಂಬಲ್ಲಿಗೆ ಪದ ನಿಂತಿತು. ಇನ್ನೊಮ್ಮೆ ತೆರೆದ, ಮೊದಲಿನಷ್ಟೂ ಬರಲಿಲ್ಲ.

ಆಗ ಫಕ್ಕೀರವ್ವ ಎದ್ದು ನಿಂತು ಅವನ ಸವಾಲನ್ನು ತಾನೇ ಹಾಡಿದಳು. ಅವನದೇ ಧಾಟಿ, ಅವನದೇ ಗತ್ತು, ಕುತ್ತಿಗೆ ಹೊರಳಿಸುವುದೂ ಅವನದೇ. ಶಮಶಾದಬಿ ತನಗೆ ಅರಿವಿಲ್ಲದೆ ಸೊಲ್ಲು ಹಿಡಿದಳು. ಅದು ಮುಗಿದ ಮೇಲೆ ಫಕ್ಕೀರವ್ವ ಎರಡು ಹೆಜ್ಜೆ ಈಚೆ ಬಂದು, ನಾಗೇಶಿ ನಿಲ್ಲುವ ಜಾಗದಲ್ಲಿ ನಿಂತಳು.

“ಎತ್ತಿ ತೋರಸಾಕ ಕೈಯಾಗ ಕೂಸಿಲ್ಲ
ಹೊತ್ತ ತೋಳ ಇನ್ನೂ ಬಾಗೈತಿ
ಸತ್ತ ಕೂಸಿನ ತಾಯಿ ತಾಯಲ್ಲ ಅಂತೀಯೊ
ಇತ್ತ ನೋಡಿ ಹೇಳೊ ಹರದೇಶಿ”

ಅವನು ಇತ್ತ ನೋಡಿದ. ಎರಡೂ ಕೈಯಿಂದ ರುಮಾಲು ತೆಗೆದು ಆಕೆಯ ಕಾಲ ಬಳಿ ಇಟ್ಟ. ಬೋಳು ತಲೆ, ನೆರೆತ ನಾಲ್ಕು ಕೂದಲು. ಕಳಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಫಕ್ಕೀರವ್ವ ಬಗ್ಗಿ ರುಮಾಲು ಎತ್ತಿದಳು, ಧೂಳು ಝಾಡಿಸಿ ಅವನ ಕೈಗೇ ಕೊಟ್ಟಳು. “ಮಂದಿ ಮುಂದ ಇಡತೀನಿ ಅಂದಿದ್ದಿ. ಇಲ್ಲಿ ಯಾವ ಮಂದಿ ಐತಿ? ಉಳ್ಳಾಗಡ್ಡಿ ಮುಂದ ಗೆದ್ದರ ಅದು ಗೆದ್ದಂಗೇನು? ತೋಪಿಗೆ ಬಂದು ಇಡು.”

“ಆಗೂದಿಲ್ಲ ತಂಗಿ.”

“ಒಂದ ದಿನ.”

“ಆ ಮಂದ್ಯಾಗ ನಿಂತು ನಿನ್ನ ಮಾರಿ ನೋಡಿ ಹಾಡಾಕ ನನಗ ಆಗೂದಿಲ್ಲ. ನನ್ನ ಬಿಟ್ಟುಬಿಡು.”

ಆಕೆಯ ಸಿಟ್ಟು ಇಳಿದುಹೋಯಿತು. ಅದು ಇರುವ ತನಕ ಆಕೆಗೆ ಏನೋ ಆಸೆ ಇತ್ತು. “ಆತು ಯಣ್ಣಾ,” ಅಂದಳು.

“ಉಂಡು ಹೋಗಬೇ, ಅಡಗಿ ಆಗೇತಿ,” ಎಂದಳು ಕಳಕವ್ವ.

“ಇಲ್ಲ ಅತ್ತಿಗಿ. ಬಸ್ಸು ತಪ್ಪತೈತಿ. ವೀಳ್ಯ ತಿರುಗಿ ಕೊಟ್ಟು ಹೋಗಬೇಕು.”

ಶಮಶಾದಬಿ ಮುಂದಾಗಿ ಓಣಿಗೆ ಇಳಿದಳು. ಫಕ್ಕೀರವ್ವ ಹೊಸ್ತಿಲ ಹೊರಗೆ ಚಪ್ಪಲಿ ಹುಡುಕಿದಳು. ಅವು ಕಣ್ಣೆದುರಿಗೇ ಇದ್ದವು. ಒಂದರೊಳಗೆ ಕಾಲಿಟ್ಟು ತೆಗೆದಳು, ಮತ್ತೆ ಇಟ್ಟಳು, ಸೆರಗು ಬಿಚ್ಚಿ ಇನ್ನೊಮ್ಮೆ ಸಿಕ್ಕಿಸಿದಳು. ಒಳಗಿನಿಂದ ಡಪ್ಪಿನ ಒಂದೇ ಒಂದು ಪೆಟ್ಟು ಕೇಳಿಸಿದ್ದರೆ ಸಾಕು, ಆಕೆ ತಿರುಗುತ್ತಿದ್ದಳು ಎಂದು ಶಮಶಾದಬಿ ಈಗಲೂ ಅನ್ನುತ್ತಾಳೆ. ಉಳ್ಳಾಗಡ್ಡಿಯ ಸಿಪ್ಪೆ ಸರಿಸುವ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಫಕ್ಕೀರವ್ವ ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ, ಆ ಮನೆಯ ಮೆಟ್ಟಿಲಿಳಿದು ಬಿಸಿಲಿಗೆ ಹೊರಟಳು.