ಶಿವಲೀಲಕ್ಕನ ಪಂಪಿನ ಚಕ್ರ

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಬೆಲ್ಲದ ಪಾಕ ಸೀದುಹೋಯಿತು. ತಪ್ಪು ನನ್ನದೇ. ಶೇಂಗಾ ಉಂಡಿ ಕಟ್ಟಲು ಪಾಕಕ್ಕಿಟ್ಟ ಹೆಂಡತಿ, ‘ಸ್ವಲ್ಪ ನೋಡ್ತಿರ್ರಿ’ ಎಂದು ಹಿತ್ತಲಿಗೆ ಹೋಗಿದ್ದಳು. ನಾನು ನೋಡುತ್ತಲೇ ಇದ್ದೆ, ಪೇಪರನ್ನು. ಆಕೆ ಬಂದು ಬೈದದ್ದರಲ್ಲಿ ಅರ್ಧ ಮಾತ್ರ ಕಿವಿಗೆ ಬಿತ್ತು. ಉಳಿದರ್ಧ ಹೊತ್ತು ನಾನು ಬೈಲಹೊಂಗಲದ ಒಂದು ತಗಡಿನ ಶೆಡ್ಡಿನಲ್ಲಿದ್ದೆ. ಸೀದ ಬೆಲ್ಲದ ವಾಸನೆಗೆ ನನಗೆ ನೆನಪಾಗುವುದು ಉಂಡಿಯಲ್ಲ, ಕಾರು. ನಗಬೇಡಿ, ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಪಕ್ಕದ ಮನೆಯವರು ಶಿವಲೀಲಕ್ಕ. ಐವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡು ನಾಲ್ಕು ವರ್ಷ, ಜಂಪರು ಹೊಲಿಯುವುದು ಕಸುಬು. ಅವರ ಕೈಯ ಹೊಲಿಗೆ ಒಮ್ಮೆ ತೊಟ್ಟವರು ಮತ್ತೊಬ್ಬ ಟೇಲರನ ಕಡೆ ತಿರುಗಿ ನೋಡುತ್ತಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಗಂಡ ಬಿಟ್ಟುಹೋದ ವಿಲಾಯತಿ ಕಾರೊಂದು ನಿಂತಿತ್ತು. ಎಂಜಿನ್ನಿಗೆ ನೀರು ತಳ್ಳುವ ಪಂಪಿನೊಳಗೆ ಅಂಗೈಯಗಲದ ರೆಕ್ಕೆಚಕ್ರವೊಂದಿರುತ್ತದೆ. ಅದರ ಒಂದು ರೆಕ್ಕೆ ಮುರಿದು, ಗಾಡಿ ಮೂಲೆ ಹಿಡಿದಿತ್ತು. ಹುಬ್ಬಳ್ಳಿ, ಕೊಲ್ಲಾಪುರ ಎಲ್ಲ ಕಡೆ ವಿಚಾರಿಸಿ ಆಗಿತ್ತು. ‘ಆ ಕಂಪನಿನೇ ಮುಚ್ಚೇತ್ರಿ’ ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ.

ಅವರ ಮೈದುನ ಈರಪ್ಪ ಹತ್ತಿ ವ್ಯಾಪಾರಿ. ಮನುಷ್ಯ ಕೆಟ್ಟವನಲ್ಲ, ಆದರೆ ಖಾಲಿ ಜಾಗ ಕಂಡರೆ ಅಲ್ಲೊಂದು ಹತ್ತಿ ಚೀಲ ಇಡದಿದ್ದರೆ ಅವನಿಗೆ ನಿದ್ದೆ ಬಾರದು. ಒಂದು ದಿನ ಬಂದು ಅಂಗಳದಲ್ಲೇ ನಿಂತು ಹೇಳಿದ: ‘ವೈನಿ, ಹತ್ತಿ ಬಿಡಸೂದ್ರಾಗ ಶೆಡ್ ಬೇಕ ನನಗ. ಗಾಡಿ ಸವದತ್ತಿ ಗುಡ್ಡಾ ಹತ್ತಿ ಇಳದ ಬಂದ್ರ ಇರಲಿ. ಇಲ್ಲಾಂದ್ರ ಗುಜರಿಯವಗ ಹೇಳತೇನಿ.’

ಅವನು ಹೋದ ಮೇಲೆ ನಾನು ಬುದ್ಧಿವಂತನಂತೆ, ‘ಕೊಟ್ಟುಬಿಡ್ರಿ ಅಕ್ಕಾ, ಯಾಕ ತಲಿಬ್ಯಾನಿ?’ ಎಂದೆ. ಶಿವಲೀಲಕ್ಕ ಮಷಿನ್ ತುಳಿಯುವುದು ನಿಲ್ಲಿಸಿದರು.

‘ಚಕ್ಕಡ್ಯಾಗ ಹಿಂದ, ಬಸ್ಸಿನ್ಯಾಗ ಹಿಂದ, ಮೈದುನನ ಜೀಪಿನ್ಯಾಗೂ ಹಿಂದ. ನಾ ಮುಂದ ಕುಂತದ್ದು ಈ ಗಾಡ್ಯಾಗ ಅಷ್ಟರಿ ಮಾಸ್ತರ. ಅದೂ ಸ್ಟೇರಿಂಗ್ ಹಿಡಕೊಂಡು. ಕಿತ್ತೂರ ರಸ್ತೇದಾಗ ಅವರು ಕಲಿಸಿದ್ರು. ಚಕ್ರ ಸಿಗದಿದ್ರ ಮನ್ಯಾಗ ಮಾಡತೇನಿ.’

ಮಾಡತೇನಿ ಎಂದರೆ ಮಾಡಿಯೇ ತೀರುವ ಜಾತಿ. ಮುರಿದ ಚಕ್ರಕ್ಕೆ ಮೇಣದಿಂದ ಹೊಸ ರೆಕ್ಕೆ ಕೂಡಿಸಿದರು. ಮಲಪ್ರಭೆಯ ನುಣುಪು ಮರಳನ್ನು ಹಿಟ್ಟಿನ ಸಾಣಿಗೆಯಲ್ಲೇ ಜರಡಿ ಹಿಡಿದು, ಅದು ಗಟ್ಟಿಯಾಗಲೆಂದು ಎಂ.ಕೆ. ಹುಬ್ಬಳ್ಳಿ ಸಕ್ಕರೆ ಕಾರ್ಖಾನೆಯ ಕಡೆಯಿಂದ ತರಿಸಿದ ಕಾಕಂಬಿ, ಅಂದರೆ ಕಬ್ಬಿನ ಹಾಲಿನ ಮಡ್ಡಿ, ಬೆರೆಸಿ ಕಲಸಿದರು. ಅಂಟದಿರಲೆಂದು ಟೇಲರ್ ಸೀಮೆಸುಣ್ಣದ ಪುಡಿ ಉದುರಿಸಿ, ಆ ಮರಳು ತುಂಬಿದ ಎರಡು ಮರದ ಚೌಕಟ್ಟಿನ ನಡುವೆ ಚಕ್ರವನ್ನು ಒತ್ತಿ ತೆಗೆದು ಅಚ್ಚು ಮಾಡಿದರು. ಸೊಟ್ಟಾದ ಅಲ್ಯುಮಿನಿಯಂ ಪಾತ್ರೆಗಳು ಇದ್ದಿಲ ಒಲೆಯಲ್ಲಿ ಕರಗಿದವು. ನನ್ನ ಕೆಲಸ ತಿದಿ ಒತ್ತುವುದು ಮತ್ತು ಉಪದೇಶ ಮಾಡುವುದು. ಎರಡನೆಯದರಲ್ಲಿ ನಾನು ದಣಿಯುತ್ತಿರಲಿಲ್ಲ. ಕಾದ ಲೋಹ ಅಚ್ಚಿಗೆ ಇಳಿದಾಗ ಕಾಕಂಬಿ ಸೀದು, ಇಡೀ ಓಣಿಗೆ ಬೆಲ್ಲ ಸುಟ್ಟ ವಾಸನೆ ಹಬ್ಬಿತು. ‘ಮಾಸ್ತರ, ಅಕ್ಕನ ಮನ್ಯಾಗ ಏನ್ ಹಬ್ಬಾರಿ?’ ಎಂದು ಎದುರು ಮನೆಯವರು ಕೇಳಿದರು.

ಚಕ್ರ ಬೆಳ್ಳಿಯಂತೆ ಬಂತು. ನಡುವೆ ತೂತು ಕೊರೆದು, ಕಾನಸು ಎಂಬ ಅರದಿಂದ ಉಜ್ಜಿ ಕೂಡಿಸಿ, ಗಾಡಿ ಹೊರಡಿಸಿದೆವು. ಊರ ಹೊರಗಿನ ಮೊದಲ ಏರಿಗೇ ರೇಡಿಯೇಟರ್ ಕುದಿದು ಉಗಿ ಉಗುಳಿತು. ನಾವಿಬ್ಬರೂ ಇಳಿದು ಹುಣಸೆ ಮರದ ಕೆಳಗೆ ಕುಳಿತೆವು. ಶಿವಲೀಲಕ್ಕ ಅಳಲಿಲ್ಲ. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಹಳ ಹೊತ್ತು ರಸ್ತೆಯನ್ನೇ ನೋಡಿದರು.

ಮರುದಿನ ಸಾಲೆಯಿಂದ ಅಳತೆಯ ಸಾಧನ ತಂದು ಹಳೆಯದನ್ನೂ ಹೊಸದನ್ನೂ ಅಳೆದೆ. ಹೊಸದು ಸಣ್ಣದಾಗಿತ್ತು, ಕೂದಲೆಳೆಯಷ್ಟಲ್ಲ, ಅದಕ್ಕಿಂತ ಜಾಸ್ತಿ. ಸುತ್ತ ಸಂದು ಉಳಿದು, ನೀರನ್ನು ಸರಿಯಾಗಿ ತಳ್ಳಲು ಅದರಿಂದ ಆಗಿರಲಿಲ್ಲ. ‘ಹೆಂಗರಿ ಇದು? ಅದ ಚಕ್ರಾನ ಒತ್ತಿ ಅಚ್ಚ ತಗದೇವಲ್ಲ!’ ಎಂದು ನಾನು ಅಚ್ಚಿನ ಮೇಲೆ ರೇಗಿದೆ. ಶಿವಲೀಲಕ್ಕ ಆಗ ಹೊಸ ಬಟ್ಟೆಯೊಂದನ್ನು ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದರು, ಕತ್ತರಿಸುವ ಮೊದಲು ಕುಗ್ಗಲಿ ಎಂದು. ಅವರ ಕೈ ನೀರಿನಲ್ಲೇ ನಿಂತಿತು.

‘ಮಾಸ್ತರ, ಹೊಸಾ ಅರಬಿ ಕುಗ್ಗಿದಂಗ ಇದೂ ಆರಿದ ಮ್ಯಾಲೆ ಕುಗ್ಗಿರಬೇಕ ನೋಡ್ರಿ. ಅದರಾಗ ಹಳೇ ಚಕ್ರಾ ಮದಲ ಸವದಿತ್ತು. ಸವಕಳೀನೂ ಅಳತಿ ಹಿಡದ ಹೊಲದಂಗ ಆತು.’

ಓದುಗರೇ, ನನ್ನ ಮುಖ ನೀವು ನೋಡಬೇಕಿತ್ತು. ಕಾದರೆ ಲೋಹ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂದು ಎಂಟನೆಯ ಇಯತ್ತೆಗೆ ಏಳು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಬರೆಯದವರ ಅಂಗೈಗೆ ಪಟ್ಟಿಯಿಂದ ಕೊಟ್ಟದ್ದೂ ಉಂಟು.

ಈ ಸಲ ಅಕ್ಕ ಹಳೆಯ ಚಕ್ರದ ಸುತ್ತ ಮೇಣ ಬಳಿದು, ಜಂಪರಿಗೆ ಅಂಚು ಬಿಡುವ ಹಾಗೆ ಅಳತೆಗಿಂತ ತುಸು ದಪ್ಪ ಮಾಡಿದರು. ಎರಡನೆಯದು ಗುಳ್ಳೆ ಬಿದ್ದು ಕೆಟ್ಟಿತು. ಮೂರನೆಯದನ್ನು ಎರಡು ದಿನ ಉಜ್ಜಿ ಕೂಡಿಸಿದರು.

ಗುಡ್ಡಕ್ಕೆ ಹೊರಡುವ ದಿನ ಈರಪ್ಪ ತಾನೂ ಬಂದ. ‘ನಡಬರಕ ನಿಂತ್ರ ದಬ್ಬಾಕ ಬೇಕಲ್ಲ’ ಎನ್ನುತ್ತ ಮುಂದಿನ ಬಾಗಿಲಿಗೆ ಕೈ ಹಾಕಿದ.

‘ಹಿಂದ ಕುಂದ್ರು ಈರಪ್ಪಾ’ ಎಂದರು ಶಿವಲೀಲಕ್ಕ. ‘ಮಾಸ್ತರು ಮುಂದ ಕುಂತು ಮುಳ್ಳ ನೋಡತಾರ.’

ಏರಿನಲ್ಲಿ ನನ್ನ ಕಣ್ಣು ಶಾಖ ತೋರಿಸುವ ಆ ಮುಳ್ಳಿನ ಮೇಲೇ. ಅದು ಕೆಂಪು ಗೆರೆಯ ಹತ್ತಿರ ಹೋಗಿ, ನಡುಗಿ, ಅಲ್ಲೇ ನಿಂತಿತು. ಮೇಲೆ ತಲುಪಿದಾಗ ಶಿವಲೀಲಕ್ಕ ಇಳಿದು, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಅತ್ತರು. ಇಳಿಯುವಾಗ ಈರಪ್ಪ ಕೆಮ್ಮಿ, ‘ಹತ್ತಿ ಬ್ಯಾರೆ ಕಡೆ ಇಡತೇನಿ ವೈನಿ’ ಎಂದ. ಹಿಂದಿನ ಸೀಟಿನಿಂದಲೇ.

ಕೆಟ್ಟ ಮೊದಲ ಚಕ್ರವನ್ನು ಅಕ್ಕ ನನಗೆ ಕೊಟ್ಟರು. ‘ಸಾಲ್ಯಾಗ ಹುಡುಗೂರಿಗೆ ತೋರಸ್ರಿ.’ ಆಮೇಲೆ ಸಿಕ್ಕಾಗಲೆಲ್ಲ ಕೇಳುತ್ತಿದ್ದರು, ತೋರಿಸಿದ್ರೇನು ಎಂದು. ಹೂಂ ಎನ್ನುತ್ತಿದ್ದೆ. ಅದು ಸುಳ್ಳು. ತೋರಿಸಿದರೆ, ಪಕ್ಕದಲ್ಲೇ ಕೂತು ಉಪದೇಶ ಮಾಡುತ್ತ ಕುಗ್ಗುವ ಲೆಕ್ಕವನ್ನೇ ಮರೆತ ಮಾಸ್ತರ ಯಾರೆಂದು ಹೇಳಬೇಕಾಗುತ್ತಿತ್ತು. ಅವರು ತೀರಿಕೊಂಡರು, ನಾನು ನಿವೃತ್ತನಾದೆ, ಚಕ್ರ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತ ಕೂತಿತು.

ಹಳೆಯ ಸಾಲೆಯವರು ಒಂದು ಪಾಠ ಮಾಡಿ ಹೋಗಿ ಎಂದು ಹೋದ ವಾರ ಕರೆದಿದ್ದರು. ಮೊಣಕಾಲು ನೋವೆಂದು ತಪ್ಪಿಸಿಕೊಂಡಿದ್ದೆ. ಇವತ್ತು ಸೀದ ಪಾತ್ರೆ ತಿಕ್ಕಿಟ್ಟು, ಕೈ ಒರೆಸಿಕೊಂಡು, ನಾಳೆ ಬರುತ್ತೇನೆಂದು ಫೋನು ಮಾಡಿದೆ. ಚಕ್ರವನ್ನು ಚೀಲಕ್ಕೆ ಹಾಕಿದ್ದೇನೆ. ಮೊದಲ ಬೆಂಚಿನವರ ಕೈಗೆ ಕೊಟ್ಟು ಶುರುಮಾಡುವುದು ಹೀಗೆ: ಇದನ್ನು ಕೆಡಿಸಿದವನು ನಾನು, ಯಾಕೆ ಕೆಟ್ಟಿತೆಂದು ನನಗೆ ಕಲಿಸಿದವರು ಜಂಪರು ಹೊಲಿಯುತ್ತಿದ್ದ ಶಿವಲೀಲಕ್ಕ.